ಪಕ್ಕದ ಮನೆಯ ಮೂಗು

ಅಕ್ಟೋಬರಿನಲ್ಲಿ ನೆಡಬೇಕು. ಕೈಗವಸು ಮರೆತರೆ
ರಾತ್ರಿಯೆಲ್ಲ ಪರಪರ ಕೆರೆತ.
ಈರುಳ್ಳಿಯ ವೇಷ, ತುರಿಕೆ ಸೊಪ್ಪಿನ ಗುಣ
ಈ ಹಯಸಿಂತ್ ಗೆಡ್ಡೆಗೆ.

ನೋರ್ಡ್ವೈಕಿನ ಮಣ್ಣೆಂದರೆ ಮುಕ್ಕಾಲು ಮರಳು,
ಕಡಲು ಬಿಟ್ಟುಹೋದದ್ದು, ಮತ್ತೆ ಕೇಳಲು ಬಂದಿಲ್ಲ.
ಒಂದು ಗೇಣು ಆಳ, ಮೂತಿ ಮೇಲೆ,
ಎರಡು ಹಿಡಿ ಎಲೆಗೊಬ್ಬರ.
ನೀಲಿ ಹೂವಿನ ಗೆಡ್ಡೆಗೆ ನೇರಳೆ ಸಿಪ್ಪೆ, ಬಿಳಿಗೆ ಬಿಳಿ:
ಗುಟ್ಟು ಇಟ್ಟುಕೊಳ್ಳಲು ಬಾರದ ಜಾತಿ.

ನನಗೆ ವಾಸನೆ ಹೋಗಿ ಆರು ವರ್ಷ.
ಹನ್ನೊಂದು ದಿನದ ಜ್ವರ ಇಳಿಯುವಾಗ
ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಯಿತು.
ಆಸ್ಪತ್ರೆಯ ಅಡುಗೆಮನೆಯಲ್ಲಿ ಮುಚ್ಚಳ ತೆಗೆಯದೆ
ಬೆಂದದ್ದು ಬೇಯದ್ದು ಹೇಳುತ್ತಿದ್ದವಳು ನಾನು.
ಈಗ ಹಾಲು ಹೊತ್ತಿದ್ದು ಹೊಗೆ ಕಂಡಾಗಲೇ ಗೊತ್ತು.
ವೈದ್ಯರು ಕೊಟ್ಟ ಸೀಸೆಗಳು: ನಿಂಬೆ, ಗುಲಾಬಿ, ಲವಂಗ, ನೀಲಗಿರಿ.
ಬೆಳಗೂ ಬೈಗೂ ಮೂಸಿದೆ.
ನಾಲ್ಕರಲ್ಲೂ ನೀರು.

ಮತ್ತೇಕೆ ನೆಡುತ್ತೀ, ತಂಗಿ ಕೇಳುತ್ತಾಳೆ.
ಅವಳಿಗೆ ಸೀಬ್ರನ್ ಗೊತ್ತಿಲ್ಲ.

ಬೇಲಿಯಾಚೆಯ ಸೀಬ್ರನ್
ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಸವೆಸಿ ಬಂದವನು.
ಡೀಸೆಲ್ ಹೊಗೆ ಕುಡಿದು ಪಳಗಿದ ಆ ಮೂಗಿಗೆ
ನನ್ನ ಹೂವು ಮಾತ್ರ ಆಗದು.
ಮಾರ್ಚ್ ಕೊನೆಗೆ, ಯಾವುದೋ ಒಂದು ಮಧ್ಯಾಹ್ನ,
ಅವನ ಕಿಟಕಿ ಧಡ್ಡೆಂದು ಮುಚ್ಚುತ್ತದೆ.
"ತೆರೆದಳಪ್ಪಾ ಅತ್ತರಿನ ಅಂಗಡಿ! ತಲೆ ಸಿಡೀತಿದೆ!"
ಓಹೋ, ಅರಳಿದೆ, ಅಂದುಕೊಳ್ಳುತ್ತೇನೆ.
ಅವನು ಮೂಗು ಮುರಿದಷ್ಟೂ ನನಗೆ ಹಬ್ಬ.

ಒಮ್ಮೆ ಅಂಚೆಪೆಟ್ಟಿಗೆಯಲ್ಲಿ ಚೀಟಿ:
'ಬಿಳಿಯದು ಪರವಾಗಿಲ್ಲ.
ಆ ನೀಲಿಯದು ಜೇನಿನಲ್ಲಿ ಅದ್ದಿದ ಸೋಪು.'
ಮಡಚಿ ಸಕ್ಕರೆ ಡಬ್ಬಿಯಲ್ಲಿ ಇಟ್ಟಿದ್ದೇನೆ.
ಇಷ್ಟು ಕರಾರುವಾಕ್ಕಾಗಿ ವಸಂತದ ವರದಿ
ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಈ ವರ್ಷ ಚಳಿ ಜಗ್ಗಲಿಲ್ಲ. ಏಪ್ರಿಲ್ ಬಂದರೂ
ಎಲೆಗಳ ನಡುವೆ ಹಸಿರು ಮುಷ್ಟಿ, ಬಿಗಿದದ್ದು ಬಿಗಿದಂತೆ.
ಆಚೆಮನೆಯ ಕಿಟಕಿ ಮೊದಲೇ ಮುಚ್ಚಿತ್ತು,
ಪರದೆಯೂ. ಸೈಕಲ್ಲಿನ ಸೀಟಿಗೆ ಪಾಚಿ.
ಮಂಗಳವಾರ ಅವನ ಮಗಳು ಹಿಲ್ಕೆ ಬಂದು
ಒದ್ದೆ ಕೋಟಿನಲ್ಲಿ ಬಾಗಿಲಲ್ಲೇ ನಿಂತಳು:
"ಅಪ್ಪ ಕೇಳ್ತಿದ್ದಾರೆ,
ಈ ಸಲ ತಲೆನೋವು ಯಾಕಿನ್ನೂ ಬಂದಿಲ್ಲ ಅಂತ."

ಮೊಗ್ಗು ಹೊತ್ತ ಬೇರನ್ನು ಕದಲಿಸಬಾರದು, ಬಲ್ಲೆ.
ಆದರೂ ಅಗೆದೆ. ಮರಳು ಸಮೇತ ಮೂರು ನೀಲಿ,
ಸೂಪಿನ ಹಳೇ ಪಾತ್ರೆಗೆ;
ಪಾತ್ರೆ ಅವನ ಮಂಚದ ಪಕ್ಕ, ಹೀಟರಿನ ಮೇಲಿನ ಕಟ್ಟೆಗೆ.
ಸೀಬ್ರನ್ ಕಣ್ಣು ಬಿಡಲಿಲ್ಲ. ಮೂಗು ಮಾತ್ರ
ಒಂದು ಸಲ ಅಲುಗಿತು, ಮೊಲದ ಹಾಗೆ.
"ಏನಿಲ್ಲ" ಅಂದ.
"ತಾಳು" ಅಂದೆ.

ಗುರುವಾರ ಇಲ್ಲ. ಶುಕ್ರವಾರ ಆಲಿಕಲ್ಲು.
ಶನಿವಾರ ಗೊಬ್ಬರದ ಗುಂಡಿಗೆ
ಆಲೂಗಡ್ಡೆ ಸಿಪ್ಪೆ ಸುರಿಯುತ್ತಿದ್ದೆ,
ಅವನ ಕಿಟಕಿ ತೆರೆಯಿತು. ಪೂರ್ತಿ, ಎರಡೂ ರೆಕ್ಕೆ,
ಆ ಚಳಿಯಲ್ಲಿ. ಒಳಗಿನಿಂದ ಕೆಮ್ಮು,
ಹಿಂದೆಯೇ ಒಂದು ಬೈಗುಳ
(ಹಡಗಿನವರದು, ಬರೆಯಲಾರೆ),
ಆಮೇಲೆ ಹಿಲ್ಕೆಯ ನಗು.

ಬುಟ್ಟಿ ಕೆಳಗಿಟ್ಟು ಬೇಲಿಯ ಹತ್ತಿರ ಹೋದೆ.
ಉಸಿರು ಎಳೆದೆ, ಎದೆ ನೋಯುವಷ್ಟು.
ಬಂದದ್ದು ಬರೀ ಚಳಿ.
ಇನ್ನಷ್ಟು ಹೊತ್ತು
ಅಲ್ಲೇ ನಿಂತಿದ್ದೆ.