ಎಂಟನೇ ಕ್ರಾಸಿನ ಸಮುದ್ರ

ಕಾವೇರಿ ನೀರಿಗೆ ಉಪ್ಪು ಕಲಸಿ
ಸಮುದ್ರ ಮಾಡುವುದು ನನ್ನ ಕಸುಬು.
ರಾತ್ರಿಯಿಡೀ ಬಕೆಟ್ಟಿನಲ್ಲಿ ನಿಂತು
ಕ್ಲೋರಿನ್ನಿನ ಘಾಟು ಬಿಡುತ್ತದೆ ನೀರು,
ಬೆಳಿಗ್ಗೆ ಸ್ಕೂಟರಿನಲ್ಲಿ ನನ್ನ ಕಾಲಸಂದಿ ಕೂತು
ತುಳುಕುತ್ತ ಮಲ್ಲೇಶ್ವರ ಸೇರುತ್ತದೆ.

ಎಂಟನೇ ಕ್ರಾಸು, ಹಲ್ಲಿನ ಆಸ್ಪತ್ರೆ, ಮೊದಲ ಮಹಡಿ.
ದವಡೆ ಹಿಡಿದು ಕೂತವರೆದುರು ನಾಲ್ಕಡಿ ಗಾಜು,
ಒಳಗೆ ಐದು ಕಿತ್ತಳೆ ಮೀನು, ಮೈಗೆ ಬಿಳಿಪಟ್ಟಿ.
ಎಲ್ಲಕ್ಕಿಂತ ದೊಡ್ಡದಕ್ಕೆ
ರಿಸೆಪ್ಷನ್ನಿನ ಹೈಮವತಿ ಇಟ್ಟ ಹೆಸರು ರಾಣಿಯಕ್ಕ.
ಹಿಂದೆ ಹಿಂದೆ ಸುತ್ತುವ ಸಣಕಲನಿಗೆ, ಭಾವ.
ಉಳಿದ ಮೂರಕ್ಕೆ ಹೆಸರಿಲ್ಲ,
ಅವು ಕಾಯುವವು.

ಯುಗಾದಿಯ ಮಾರನೆ ದಿನ ಫೋನು:
ರಾಣಿಯಕ್ಕ ಮೇಲೆ ತೇಲ್ತಿದಾಳೆ.
ಕಾಗದದ ಲೋಟದಲ್ಲಿ ಒಯ್ದು
ಕಾಂಪೌಂಡಿನ ದಾಸವಾಳದ ಬುಡಕ್ಕೆ ಹಾಕಿದೆ.
"ಬೇರೆ ಹೆಣ್ಣು ತನ್ನಿ," ಹೈಮವತಿ ಮೂಗೊರೆಸಿಕೊಂಡಳು,
"ಭಾವ ಊಟ ಬಿಟ್ಟಿದಾನೆ."
ಬೇಡ, ಅಂದೆ. ಸ್ವಲ್ಪ ದಿನ ನೋಡಿ.

ಶಿವಾಜಿನಗರದ ಅಂಗಡಿಯಲ್ಲಿ ನಸ್ರುಲ್ಲಾ ಸಾಹೇಬರು
ಪೈಪಿಗೆ ಬಾಯಿಟ್ಟು ನೀರೆಳೆಯುತ್ತ ಹೇಳಿಕೊಟ್ಟದ್ದು:
"ಈ ಜಾತೀಲಿ ಯಾರೂ ವಿಧುರ ಆಗಲ್ಲ.
ಖಾಲಿ ಬಿದ್ದ ಜಾಗ ಮೈಯೊಳಗೆ ಬೆಳೀತದೆ."

ಒಮ್ಮೆ ಹಲಸೂರು ಕೆರೆದಂಡೆಯಲ್ಲಿ
ಬಲೆಗೆ ಬಿದ್ದ ಜಿಲೇಬಿ ಮೀನು ನನ್ನೆದುರೇ
ಬಾಯಿಂದ ಮರಿ ಉಗುಳಿತ್ತು, ಒಂದಲ್ಲ ನೂರು.
ಎರಡು ವಾರದ ಉಪವಾಸ, ಬಾಯ್ತುಂಬ ಮಕ್ಕಳು.
ಇಲ್ಲಿ ಯಾರಾದರೂ ಆ ಅಂದಾಗೆಲ್ಲ
ಒಳಗೆ ಏನಿದೆಯೋ ಎಂದು ಕಣ್ಣು ಹೋಗುತ್ತದೆ.

ಬೆಳೆಯಿತು.
ಮೊದಲು ಭಾವ ಜಗಳಗಂಟನಾದ,
ಆಮೇಲೆ ದುಂಡಗಾದ, ಕಲ್ಲಿನ ಸುತ್ತ ಕಾವಲು ಹಾಕಿದ.
ಕಾಯುತ್ತಿದ್ದ ಮೂರರಲ್ಲೊಂದು ತಾನೂ ಉದ್ದವಾಗಿ
ಬಾಲ ನಡುಗಿಸುತ್ತ ಪಕ್ಕಕ್ಕೆ ಬಂತು.
ಶ್ರಾವಣಕ್ಕೆ ಮಡಕೆಚೂರಿನ ಮೇಲೆ
ಕೇಸರಿಬಾತಿನ ರವೆಯಂಥ ಮೊಟ್ಟೆ.
ಇಟ್ಟದ್ದು
ಭಾವ.
ಹೊಸಬ ರೆಕ್ಕೆಯಿಂದ ಗಾಳಿ ಹಾಕುತ್ತಿದ್ದ.

"ಈಗ ಏನನ್ನಲಿ? ಬಂದ ಅನ್ನಲಾ, ಬಂದಳು ಅನ್ನಲಾ?"
ಕೆನ್ನೆಗೊತ್ತಿದ ಕರ್ಚೀಫಿನ ಸಂದಿಯಿಂದ
ಹಿರಿಯರೊಬ್ಬರ ದನಿ:
"ಮೀನು ಬಂತು ಅನ್ನಮ್ಮ. ವ್ಯಾಕರಣಕ್ಕೆ ನೋವಾಗಲ್ಲ."
ಹತ್ತಿ ಕಚ್ಚಿದವರೂ ನಕ್ಕರು, ನಗಬಾರದಿತ್ತು.

ನಾನು ಗಾಜಿನ ಪಾಚಿ ಉಜ್ಜಿ ಪುಸ್ತಕ ತೆರೆದೆ.
ನೀರು ಬದಲಿಸಿದೆ. ಉಪ್ಪು ನೋಡಿದೆ.
ಮರಿ ಎಳೆಯದ ಹಾಗೆ ಫಿಲ್ಟರಿಗೆ ಬಟ್ಟೆ ಕಟ್ಟಿದೆ.
ಬದಲಿಸಿದೆ, ನೋಡಿದೆ, ಕಟ್ಟಿದೆ.
ನಾನು ಅಂದಮೇಲೆ ಕನ್ನಡ
ಮತ್ತೇನನ್ನೂ ಕೇಳುವುದಿಲ್ಲ.

ಕೆಳಗೆ ವಾಚ್‌ಮನ್ ಈರಬಸಪ್ಪ, ಮೊದಮೊದಲು
ಸಾರ್ ಎಂದು ಶುರುಮಾಡಿ ಮೇಡಂ ಎಂದು ನುಂಗುತ್ತಿದ್ದವನು,
ಗೇಟಿನ ಪುಸ್ತಕದಲ್ಲಿ ಈಗ ಬರೆಯುವುದು ಇಷ್ಟು:
ಮೀನಿನೋರು ಬಂದ್ರು. ಮೀನಿನೋರು ಹೋದ್ರು.

ಸಂಪಿಗೆ ರಸ್ತೆಯ ಹಂಪಿನಲ್ಲಿ ಖಾಲಿ ಬಕೆಟ್ಟು ಢಣ್ಣೆಂದಿತು.
ಮೊಣಕೈವರೆಗೂ
ಉಪ್ಪು ಒಣಗಿ ಚುರುಗುಟ್ಟುತ್ತಿತ್ತು.