ದರ್ಜೆ

ಕಣ್ಣಿದ್ದಿದ್ದರೆ ಇಷ್ಟು ಅಂಜುತ್ತಿರಲಿಲ್ಲ.
ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲುವ ಹೆಂಗಸು ನಾನು,
ಲೋಫೋಟೆನ್ನಿನ ಈ ದಕ್ಕೆಯ ಯಾವ ಗಂಡಸನ್ನಾದರೂ ಕೇಳಿ.

ನವೆಂಬರಿನ ರಾತ್ರಿ, ಅಟ್ಟದಲ್ಲಿ ಒಬ್ಬಳೇ
ಒಣಮೀನು ವಿಂಗಡಿಸುತ್ತಿದ್ದೆ.
ತಲೆ ಮೊದಲೇ ಹೋಗಿರುತ್ತದೆ. ಬಾಲ ಹಿಡಿದು ಎತ್ತು,
ದೀಪಕ್ಕೆ ತಿರುಗಿಸು, ಹೊಟ್ಟೆಯ ಸೀಳು ನೋಡು,
ಕತ್ತಿನ ಹತ್ತಿರ ಮೂಸು:
ಇದು ಇಟಲಿಗೆ, ಇದು ಲಾಗೋಸಿಗೆ, ಇದು ಯಾರಿಗೂ ಬೇಡ.
ಮೂವತ್ತೊಂದು ವರ್ಷದಿಂದ
ನೋಡುವುದೇ ನನ್ನ ಕಸುಬು.

ಏಣಿಯ ಬಳಿ ಗೂಟದಲ್ಲಿ
ಮಳೆಯಂಗಿಯೊಂದು ನೇತಾಡುತ್ತಿತ್ತು.
ನನ್ನದೇ ಎಂದುಕೊಂಡೆ.
ನನ್ನದನ್ನು ಚಳಿಗೆ ನಾನು ತೊಟ್ಟೇ ಇದ್ದೆ.

ಎಣ್ಣೆಬಟ್ಟೆಯದು, ಹಳೆಯ ಕಾಲದ್ದು.
ತೋಳಿನ ತುದಿಯಿಂದ ನೀರು
ತೊಟ್ಟು, ತೊಟ್ಟು. ಹೊರಗೆ ಮಳೆಯಿರಲಿಲ್ಲ.
ಕಾಲರಿನ ಮೇಲೆ, ಮುಖವಿರಬೇಕಾದಲ್ಲಿ,
ಒಂದು ಹಿಡಿ ಕಡಲಪಾಚಿ.
ಅದು ನನ್ನತ್ತ ತಿರುಗಿತು.

ಅಷ್ಟೇ. ಬೆನ್ನಟ್ಟಲಿಲ್ಲ, ಕೂಗಲಿಲ್ಲ,
ಹೆಸರು ಹಿಡಿದು ಕರೆಯಲಿಲ್ಲ.
ನೋಡಿತು, ಅಥವಾ ನೋಡುವ ಹಾಗೆ ನಿಂತಿತು.
ನನ್ನ ಕೈಯ ಮೀನು ನೆಲಕ್ಕೆ ಬಿದ್ದು
ಸೌದೆಯ ಹಾಗೆ ಸದ್ದು ಮಾಡಿತು.
ಆಮೇಲೆ ಗೂಟ ಬರಿದು. ಹಲಗೆಯ ಮೇಲೆ ಒದ್ದೆ ಕಲೆ,
ಬೆರಳದ್ದಿ ನಾಲಿಗೆಗಿಟ್ಟೆ: ಉಪ್ಪು.

ಹೀಟರಿನ ಹೊಗೆ ತಲೆಗೇರಿರಬೇಕು, ಆಸ್ಲೌಗ್,
ಎಂದ ತೂರ್ಗೈರ್.
ವಿಷಗಾಳಿ ಪತ್ತೆಹಚ್ಚುವ ಡಬ್ಬಿಯೊಂದನ್ನು ತಂದು
ತೊಲೆಗೆ ಹೊಡೆದ. ಒಳ್ಳೆಯ ಮನುಷ್ಯ.
ನಿಮಿಷಕ್ಕೊಮ್ಮೆ ಅದರ ಕೆಂಪು ದೀಪ ಮಿಟುಕುತ್ತದೆ.
ಈಗ ಎರಡಾದವು.

ಅಮ್ಮನ ಕಾಲದಲ್ಲಿ ಇಂಥದ್ದಕ್ಕೆ ಹೆಸರಿತ್ತು, ದ್ರೌಗ್,
ಕಡಲಲ್ಲಿ ಸತ್ತು ಮಣ್ಣು ಸಿಗದವನು.
ಹೆಸರಿಟ್ಟು, ಬಯ್ದು, ಬಾಗಿಲು ಹಾಕಿಕೊಳ್ಳುತ್ತಿದ್ದರು.
ನಮಗೆ ಡಬ್ಬಿ.

ಅಂದಿನಿಂದ ತಲೆಗೆ ಸೋಪು ಹಚ್ಚುವಾಗಲೂ ಕಣ್ಣು ಮುಚ್ಚುವುದಿಲ್ಲ.
ಉರಿಯಲಿ.
ಅಂಗಡಿಯ ಸಾಲಿನಲ್ಲಿ ಹಿಂದಿನವರಿಗೆ ದಾರಿ ಬಿಟ್ಟು ಬಿಟ್ಟು
ಕಡೆಯವಳಾಗುತ್ತೇನೆ. ಕಡೆಯವಳಾದ ಮೇಲೆ
ಬೆನ್ನ ಹಿಂದೆ ಬರೀ ಬಾಗಿಲು, ಅದು ಇನ್ನೂ ಕಷ್ಟ.
ಒಂದು ಸಂಜೆ ಬೆಕ್ಕು ನನ್ನ ಭುಜದಾಚೆ ದಿಟ್ಟಿಸಿ,
ಆಕಳಿಸಿ, ಮಲಗಿಬಿಟ್ಟಿತು.
ಆ ಆಕಳಿಕೆಯ ಅರ್ಥವೇನೆಂದು
ವಾರವಿಡೀ ಯೋಚಿಸಿದೆ.

ಫೆಬ್ರುವರಿಯಲ್ಲಿ ತಂಗಿಯ ಮಗ ಐಲಿಫ್
ದಕ್ಕೆಯ ಮೇಲೆ ಕಾಡ್ ಮೀನಿನ ನಾಲಿಗೆ ಕತ್ತರಿಸುತ್ತಿದ್ದ.
ಒಂಬತ್ತು ವರ್ಷ, ಚುರುಕು ಕೈ, ಕಿಲೋಗಿಷ್ಟು ಎಂದು ಕೂಲಿ.
ನಾಲಿಗೆ ಹೋದ ತಲೆಗಳನ್ನು ಪೋಣಿಸಿ
ಗಳುವಿನ ಚಪ್ಪರಕ್ಕೆ ಇಳಿಬಿಟ್ಟರು,
ಸಾವಿರ ಕಣ್ಣು, ಒಂದೂ ಮಾತಿಲ್ಲ.
ಅವುಗಳ ಕೆಳಗೆ ನಾನೂ
ಬಾಯಿ ಕಟ್ಟಿಕೊಂಡು ಹಾದುಹೋದೆ.

ಬೆಳಕು ಬರಲಿ, ಸರಿಹೋಗುತ್ತದೆ, ಎಂದರು ಎಲ್ಲರೂ.
ಬಂತು. ಈಗ ಜೂನ್.
ನಡುರಾತ್ರಿಯ ಸೂರ್ಯ ಕಡಲಂಚಿನಲ್ಲಿ ಉರುಳುತ್ತಾನೆ,
ಮುಳುಗುವುದಿಲ್ಲ.
ಅಡಗಲು ಅದಕ್ಕೆ ಕತ್ತಲಿಲ್ಲ, ನಿಜ.
ನನಗೂ ಇಲ್ಲ.

ಚಪ್ಪರದಿಂದ ಇಳಿಸಿದ ಹೊಸ ಮೀನು ಅಟ್ಟಕ್ಕೆ ಬಂದಿದೆ.
ಬಾಲ ಹಿಡಿದು ಎತ್ತುತ್ತೇನೆ, ಬೆಳಕಿಗೆ ತಿರುಗಿಸುತ್ತೇನೆ,
ಕೈ ತಡೆಯುತ್ತದೆ.
ಹೀಗೇ ಅಲ್ಲವೆ ಅದು ನನ್ನನ್ನು ನೋಡಿದ್ದು,
ಹಗೆಯಿಲ್ಲದೆ, ಹಸಿವಿಲ್ಲದೆ,
ಎಲ್ಲಿ ಕಲೆಯಿದೆ, ಎಲ್ಲಿ ಪೊಳ್ಳು, ಎಂದು?
ಏಳು ತಿಂಗಳಾಯಿತು. ಇನ್ನೂ ಕೈಯಲ್ಲೇ ಹಿಡಿದಿದೆ.
ಯಾವ ರಾಶಿಗೂ ಹಾಕಿಲ್ಲ.

"ದೊಡ್ಡಮ್ಮ, ಯಾಕೆ ಹಾಗೆ ಓರೆಯಾಗಿ ನಿಂತಿದ್ದೀ?"
ಏಣಿಯ ತುದಿಯಲ್ಲಿ ಐಲಿಫನ ತಲೆಯಷ್ಟೇ.
ಸೊಂಟನೋವು, ಎನ್ನುತ್ತೇನೆ.
ಅವನು ಹತ್ತಿ ಬಂದು
ಆ ಗೂಟಕ್ಕೆ ತನ್ನ ಟೋಪಿ ಸಿಕ್ಕಿಸುತ್ತಾನೆ.