ಧ-ಒತ್ತು

ಲಷ್ಕರ್ ಮೊಹಲ್ಲಾದ ಅಚ್ಚುಕೂಟದಲ್ಲಿ
ನಾನು ಮೊಳೆ ಜೋಡಿಸುತ್ತಿದ್ದೆ.
ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ,
ನೆನೆದ ಹೆಸರುಕಾಳಿನಿಂದ ಇಣುಕುವುದೂ ಅಲ್ಲ;
ಸೀಸದ್ದು. ಕನ್ನಡಿಯೊಳಗಿನ ಕನ್ನಡದ್ದು.
ತಲೆಕೆಳಗೆ ಓದಿದರಷ್ಟೇ ಸರಿಯಾಗಿ ಓದಿದಂತೆ.

ಗಡಿಯಲ್ಲಿ ಗುಂಡು ಹಾರುತ್ತಿದ್ದ ಭಾದ್ರಪದ.
ಇತ್ತ ನಮ್ಮೂರಲ್ಲಿ ದಸರೆಯ ತಾಲೀಮು:
ಗುಂಡಿಲ್ಲದೆ ಬರೀ ಮದ್ದು ತುಂಬಿ ತೋಪು ಹಾರಿಸಿ
ಆನೆಗಳಿಗೆ ಸದ್ದು ರೂಢಿ ಮಾಡಿಸುತ್ತಿದ್ದರು.
ಢಂ ಅಂದಾಗಲೆಲ್ಲ ಕೇಸಿನ ಮನೆಗಳಲ್ಲಿ
ಅಕ್ಷರಗಳು ಒಂದು ನೂಲು ಮೇಲೆದ್ದು ಕೂರುತ್ತಿದ್ದವು.

ಆಗ ಬಂದವನು ಹೊಂಬಯ್ಯ,
ಮಂಡ್ಯದ ಸಕ್ಕರೆ ಕಾರ್ಖಾನೆ ಗೇಟಿನ ಲೀಡರು,
ಹರೆಯದಲ್ಲಿ ಬರ್ಮಾದ ಕೆಸರಿನಲ್ಲಿ
ಬಿಳಿಯರ ಹೇಸರಗತ್ತೆ ಹೊಡೆದವನು.
ಎಡಗೈಯ ಎರಡು ಬೆರಳು ಅಲ್ಲೇ ಉಳಿದಿದ್ದವು.
ಅಂಗಿಯೊಳಗಿಂದ ಬೆವರು ಹೀರಿದ ಹದಿನಾರು ಹಾಳೆ ತೆಗೆದು
"ಐನೂರು ಪ್ರತಿ. ನನ್ನ ಹೆಸರು ಬೇಡ" ಅಂದ.

ಜೋಡಿಸುತ್ತ ಓದಿದೆ, ಓದುತ್ತ ಜೋಡಿಸಿದೆ:
ಯುದ್ಧದ ಕರಾರು ಬರೆಯುವವರು ದೊಡ್ಡವರು,
ಹೆಬ್ಬೆಟ್ಟು ಮಾತ್ರ ನಮ್ಮದು.
ಕೋವಿ ಹಿಡಿದವನಿಗೆ ಅಧಿಕಾರ ಬರುವುದಿಲ್ಲ,
ನಾನೂ ಹಿಡಿದಿದ್ದೆ;
ಅದು ಯಾವ ಕಡೆ ತಿರುಗಬೇಕೆಂದು
ಹೇಳುವ ಬಾಯಿಗೆ ಬರುತ್ತದೆ.
ಆ ಬಾಯಿ ನಮ್ಮದಾಗುವವರೆಗೆ
ಶಾಂತಿ ಎಂದರೆ
ಎರಡು ಯುದ್ಧದ ನಡುವೆ ಸೇದುವ ಬೀಡಿ.

ಮೂರನೇ ಪುಟಕ್ಕೇ ಧ-ಒತ್ತು ಮುಗಿಯಿತು.
ಅಷ್ಟು ಯುದ್ಧ ನಮ್ಮ ಕೇಸಿನಲ್ಲಿರಲಿಲ್ಲ.
ನಶ್ಯದ ಲೇಬಲ್ಲು, ತಿಥಿಯ ಕಾರ್ಡು, ಸೊಸೈಟಿಯ ರಸೀದಿ,
ಇಷ್ಟಕ್ಕೇ ಅಳೆದು ತಂದಿಟ್ಟ ಸೀಸ ಅದು.
ಕಟ್ಟಿಟ್ಟ ಪುಟಗಳಿಗೆ ಕೈ ಹಾಕಿದೆ.
ತುಪ್ಪದಂಗಡಿಯ ಜಾಹೀರಾತಿಂದ ಒಂದು ಕಿತ್ತೆ
(ಅಂದಿನಿಂದ ಅವರ ತುಪ್ಪ ಬರೀ 'ಶುದ').
ಸಾಲಲಿಲ್ಲ.
ಕಲ್ಲಿನ ಮೇಲೆ ದಾರ ಸುತ್ತಿಕೊಂಡು ಕೂತಿತ್ತು
ಕಾರ್ತೀಕಕ್ಕೆ ಗೊತ್ತಾಗಿದ್ದ ಒಂದು ಲಗ್ನ:
ಚಿ. ಸೌ. ಸಿದ್ಧಾಜಮ್ಮ.
ಚಿಮುಟದಲ್ಲಿ ಮೆಲ್ಲಗೆ ಎಳೆದುಕೊಂಡೆ.
ವರ ನಾನೇ. ಯಾರನ್ನು ಕೇಳಬೇಕಿತ್ತು?

ರಾತ್ರಿ ಕರಡು ತಿದ್ದುತ್ತ ಕೂತಿದ್ದಾಗ ಕೇಳಿದೆ,
"ಆ ಬಾಯಿ ನಿಮ್ಮದೇ ಆದ ದಿನ, ಹೊಂಬಯ್ಯನೋರೇ,
ಅದು ಏನು ಹೇಳುತ್ತೆ?"
ಇಲ್ಲದ ಬೆರಳುಗಳ ಜಾಗವನ್ನು ತುಸು ಹೊತ್ತು ಉಜ್ಜಿದ.
"ಅದು ಹದಿನೇಳನೇ ಹಾಳೆ ಕಣಯ್ಯ.
ಇನ್ನೂ ಬರೆದಿಲ್ಲ."

ಗನ್‌ಹೌಸ್ ವೃತ್ತದಲ್ಲಿ ಕಟ್ಟಿನ ಸಮೇತ ಹಿಡಿದರು.
ಮಾರನೆಯ ದಿನ ನಮ್ಮಲ್ಲಿಗೂ ಬಂದರು.
ದಫೇದಾರ ಒಂದು ಸಾಲು ಎತ್ತಿ ಬೆಳಕಿಗೆ ಹಿಡಿದ,
ತಿರುಗಿಸಿದ, ಮತ್ತೆ ತಿರುಗಿಸಿದ,
"ಇದರಲ್ಲಿ ಯುದ್ಧ ಎಲ್ಲಿದೆ ತೋರ್ಸೋ" ಎಂದು ಗದರಿ,
ತೋರಿಸುವ ಮೊದಲೇ ಕೇಸುಗಳನ್ನು ಬೋರಲು ಹಾಕಿದ.
ನೆಲದ ತುಂಬ ಸ್ವರ, ವ್ಯಂಜನ, ಕೊಂಬು, ದೀರ್ಘ.
ಮೂಟೆ ತೂಗಲು ಬಂದ ಮಂಡಿಯ ಗುಜರಿ ಸಾಬರು
ಒಂದು ಹಿಡಿ ಎತ್ತಿ ಕುಲುಕಿ ಹೇಳಿದರು:
"ಕಾಯಿಸಿದ್ರೆ ಕೋವಿಗೂ ಆಗುತ್ತೆ,
ಮೀನಿನ ಬಲೆ ಮುಳುಗ್ಸೋಕೂ ಆಗುತ್ತೆ."

ಹನ್ನೊಂದು ತಿಂಗಳು ಕಳೆದು ಹೊಂಬಯ್ಯ ಹೊರಬಂದ.
ಹಾಳೆಯ ಮಾತು ನಾನೆತ್ತಲಿಲ್ಲ,
ಅವನೂ ಎತ್ತಲಿಲ್ಲ. ಕಾಫಿ ಕುಡಿದು ಹೋದ.

ಸಿದ್ಧಾಜಮ್ಮ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ,
ರಾತ್ರಿ ಶಾಲೆಯಲ್ಲಿ, ಹಟ ಹಿಡಿದು.
ಒಂದು ದಿನ ಟ್ರಂಕಿನ ತಳದಿಂದ ಲಗ್ನಪತ್ರಿಕೆ ತೆಗೆದು
ತನ್ನ ಹೆಸರಿನ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು:
"ಸಿ… ದಾ… ಜಮ್ಮ. ಇಲ್ಲೇನೋ ಬಿದ್ದೋಗಿದೆ."
ಹೇಳಿದೆ. ಹೊಂಬಯ್ಯ, ಹದಿನಾರು ಹಾಳೆ,
ದೊಡ್ಡವರು, ಹೆಬ್ಬೆಟ್ಟು, ಬಾಯಿ, ಎಲ್ಲ.
ಪೂರ್ತಿ ಕೇಳಿಸಿಕೊಂಡಳು.
"ನಂದು ತಗಂಡು ಯುದ್ಧಕ್ಕೆ ಕೊಡುವಾಗ
ನನ್ನೊಂದು ಮಾತು ಕೇಳಿದ್ಯಾ?"

ದೂರದಲ್ಲಿ ಆ ವರ್ಷದ ತೋಪಿನ ತಾಲೀಮು.
ಕಿಟಕಿಯ ಗಾಜು ನಡುಗಿತು, ಅವಳು ತಲೆಯೆತ್ತಲಿಲ್ಲ.
"ಪೆನ್ನು ತತ್ತಾ ಇಲ್ಲಿ" ಅಂದಳು.